ಚೌಕದಲ್ಲಿ ಕೂತ ಹೆಂಗಸು

ಗೋಡೆಯ ಗೂಟಕ್ಕೆ ಬಿಳಿ ಅರಿವೆ ಬಿಗಿದು, ಕೂರಿಸಿದ್ದ ಹೆಣದ ತಲೆಯನ್ನು ನೆಟ್ಟಗೆ ನಿಲ್ಲಿಸಿ ಜಂಗಮ ಈರಯ್ಯ ಕೈಬಿಟ್ಟಿದ್ದೇ ತಡ, ಮುರಿಗೆವ್ವನ ಕುತ್ತಿಗೆ ಮತ್ತೆ ಬಲಕ್ಕೆ ಹೊರಳಿತು. ಎಡಗಿವಿ ಮುಂದೆ ಬಂತು.

“ಜೀವ ಇದ್ದಾಗಂತೂ ಮಾತು ಕೇಳಲಿಲ್ಲ. ಈಗರೆ ಕೇಳಬಾರದ?” ಎಂದ ಗಂಡ ಬಸಗೊಂಡಪ್ಪ. ಅವನು ಕೂತದ್ದು ಹೆಂಡತಿಯ ಬಲಕ್ಕೆ. ಲಗ್ನವಾದಂದಿನಿಂದ ಊಟಕ್ಕೆ, ಜಗಳಕ್ಕೆ, ಎಲ್ಲಕ್ಕೂ ಅವನದು ಅದೇ ಜಾಗ.

“ಇನ್ನೂ ಬಿಗದ್ರ ಉರುಲು ಆಕ್ಕೈತ್ರಿ ಗೌಡ್ರ,” ಎಂದ ಈರಯ್ಯ.

ಬಾಗಿಲಾಚೆ, ವಿಜಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುವ ಸಿಕಂದರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

“ಅವಗ ಯಾರು ಹೇಳಿದ್ರು?” ಎಂದ ಬಸಗೊಂಡಪ್ಪ.

“ನಾನs ಹೇಳಿ ಕಳಸೇನಿ, ಮಾಮಾ,” ಎಂದಳು ಸತ್ತವಳ ತಂಗಿ ಲಕ್ಕವ್ವ.

*

ಅದು ಹಿಂದೆ, ಯುದ್ಧ ನಡೆದಿದ್ದ ವರ್ಷ. ಮುರಿಗೆವ್ವ ಟಿಕೋಟಾದಿಂದ ಗಾಡಿ ಹತ್ತಿ ವಿಜಾಪುರದ ಚೌಕದಲ್ಲಿ ಮೊಸರು ಮಾರುತ್ತಿದ್ದಳು. ಮುಂಬಯಿಯಲ್ಲಿ ಒಂದಿಷ್ಟು ಹೊಸ ತರದ ಚಿತ್ರ ಕಲಿತುಬಂದಿದ್ದ ಸಿಕಂದರ ಅವಳನ್ನು ಬರೆದು ಅಂಗಡಿಯಲ್ಲಿ ತೂಗುಹಾಕಿದ. ಬಸಗೊಂಡಪ್ಪನನ್ನು ಕರೆದೊಯ್ದು ತೋರಿಸಲಿಕ್ಕೆ ಊರವರಿಗೆ ಬಿಡುವಿತ್ತು. ಇಂಥದಕ್ಕೆ ಯಾವಾಗಲೂ ಇರುತ್ತದೆ.

ಹಸಿರು ಮುಖ. ಕಣ್ಣಿಲ್ಲ, ಬಾಯಿಲ್ಲ. ಹಿಂದೆ ಪೇಟೆಯ ಮಾಳಿಗೆಗಳು ಕುಡಿದವರಂತೆ ವಾಲಿವೆ. ನಡುವೆ ಮೊರದಷ್ಟು ದೊಡ್ಡ ಎಡಗಿವಿ.

“ನನ್ನ ಹೇಣ್ತಿ ಏನು ಆನಿ ಏನಲೇ?”

“ಗಿರಾಕಿ ಬಂದ್ರ ಅವ್ವಾರು ಹಿಂಗs ಕೂಡತಾರ್ರಿ. ಕಂಡದ್ದು ಬರದೇನಿ.”

ಚೌಕವೆಲ್ಲ ನಕ್ಕಿತು.

“ಇನ್ನ ಪ್ಯಾಟಿಗೆ ಹೋಗಬ್ಯಾಡ,” ಎಂದು ಬಸಗೊಂಡಪ್ಪ ರಾತ್ರಿ ಹೆಂಡತಿಯ ಬಲಕ್ಕೆ ಕೂತು ಮೆಲ್ಲಗೆ ಹೇಳಿದ. ಅವಳು ಉತ್ತರಿಸಲಿಲ್ಲ. ಬೆಳಿಗ್ಗೆ ಎಂದಿನಂತೆ ಗಡಿಗೆ ಹೊತ್ತು ಹೊರಟಳು. ಎಂಥ ಸೊಕ್ಕು ಎಂದು ಅವನು ಅಂಗಳದಲ್ಲೇ ಗಡಿಗೆ ಒಡೆದ. ಮುರಿಗೆವ್ವ ಆಮೇಲೆ ಹೊಸ್ತಿಲು ದಾಟಲಿಲ್ಲ.

*

“ಬಿಡ್ರಿ ಅಯ್ಯಾರ, ಅಕ್ಕ ಕೂಡೂದs ಹಂಗ,” ಎಂದಳು ಲಕ್ಕವ್ವ. “ಆಕಿ ಬಲಗಿವಿ ಹುಟ್ಟಾ ಕೇಳತಿದ್ದಿಲ್ಲ.”

ಬಸಗೊಂಡಪ್ಪ ತಲೆಯೆತ್ತಿದ. “ನನಗ್ಯಾಕ ಹೇಳಲಿಲ್ಲ?”

“ಲಗ್ನ ಮುರೀತೈತಿ ಅಂತ ಅವ್ವ ಆಣಿ ಹಾಕಿದ್ಳು. ಸಿಕಂದರಗೂ ಯಾರೂ ಹೇಳಿದ್ದಿಲ್ಲ, ಮಾಮಾ. ನೋಡಿ ತಿಳಕೊಂಡ.”

ಬಾಗಿಲಲ್ಲಿದ್ದವನು ತಲೆ ತಗ್ಗಿಸಿದ. ಈರಯ್ಯ ಅರಿವೆ ಸಡಿಲಿಸಿದ.

ಹೆಣ ಕೂರಿಸಿ ಒಯ್ಯುವ ವಿಮಾನ ಹೊರುವವರು ಒಳಬಂದರು. “ಏಳ್ರಿ ಗೌಡ್ರ, ಹೊತ್ತಾತು.”

ಬಸಗೊಂಡಪ್ಪ ಎದ್ದ. ಹೊರಗೆ ಹೋಗಲಿಲ್ಲ. ಅವಳ ಕಾಲ ಬಳಿಯಿಂದ ಸುತ್ತಿಬಂದು ಎಡಗಡೆ ಕೂತು, ಕಿವಿಯ ಹತ್ತಿರ ಬಾಗಿ ಬಾಯಿ ತೆರೆದ. ಬಾಗಿಲಾಚೆ ಭಜನೆ ಹಾಡುತ್ತಿದ್ದವರು ತಾಳ ನಿಲ್ಲಿಸಿ ಕಾದರು.