ಜಗಳದ ಮನೆಯಲ್ಲಿ ವಿಚಾರಣೆ

ಸಾಂಗಲಿಯಲ್ಲಿ ಸಿಟಿ ಬಸ್ ಹತ್ತಿ ಸುಮನ ಗುರುತಿಲ್ಲದ ಹೆಂಗಸಿನ ಪಕ್ಕದಲ್ಲಿ ಕುಳಿತಳೆಂದರೆ, ವಿಶ್ರಾಮಬಾಗ ಬರುವಷ್ಟರಲ್ಲಿ ಆ ಹೆಂಗಸಿನ ತವರು, ಮನೆದೇವರು, ಮೈದುನನ ಕುಡಿತ ಎಲ್ಲವೂ ಹೊರಬಿದ್ದಿರುತ್ತಿತ್ತು. ಮಿರಜ ಮುಟ್ಟುವ ಹೊತ್ತಿಗೆ ಆಕೆ ಗಂಡನಿಗೂ ಹೇಳದ ಸಂಗತಿಯೊಂದನ್ನು ಹೇಳಿ, ಕಣ್ಣೊರೆಸಿಕೊಂಡು, ಇಳಿಯಬೇಕಾದ ಸ್ಟಾಪು ಮರೆತು ಮುಂದೆ ಹೋಗಿರುತ್ತಿದ್ದಳು. ಹಾಗೆ ಸ್ಟಾಪು ಮರೆತವರನ್ನೆಲ್ಲ ಒಂದು ಕಡೆ ನಿಲ್ಲಿಸಿದ್ದರೆ ಮಾಲಗಾಂವದಷ್ಟು ದೊಡ್ಡ ಇನ್ನೊಂದು ಊರೇ ಆಗುತ್ತಿತ್ತು. ಕೇಳಿದ್ದೆಲ್ಲ ಸುಮನಳ ಹೊಟ್ಟೆಯಲ್ಲಿ, ಹರಿಪುರದ ನೆಲದೊಳಗಿನ ಹಗೇವಿನಲ್ಲಿ ಅರಿಶಿನ ಇಟ್ಟ ಹಾಗೆ, ಹುಳ ಹತ್ತದೆ ವರ್ಷಗಟ್ಟಲೆ ಉಳಿಯುತ್ತಿತ್ತು.

ವಿದ್ಯೆ ಅತ್ತೆಯದು. ಅತ್ತೆ ಗುರುಶಾಂತವ್ವ ನಲವತ್ತು ವರ್ಷ ಸಾಂಗಲಿ, ಮಿರಜಗಳ ಲಿಂಗಾಯತ ಮನೆಗಳಿಗೆ ಹೆಣ್ಣು ಗಂಡು ಕೂಡಿಸಿದವಳು. ಅವಳು ಕೂಡಿಸಿದ ಮದುವೆಗಳಲ್ಲಿ ಎದ್ದ ಧೂಳು ಇನ್ನೂ ಪೇಟೆಯ ಮೇಲೆ ಇಳಿದಿಲ್ಲವೆಂದು ಹೇಳುವವರಿದ್ದಾರೆ. ಸೊಸೆಗೆ ಅವಳು ಕಲಿಸಿದ್ದು ಒಂದೇ ಪಾಠ: ಗಂಡಿನ ವಿಚಾರಣೆಗೆ ಹೋದರೆ ಅವನ ನೆಂಟರ ಮನೆಗೆ ಹೋಗಬಾರದು, ಗೆಳೆಯರ ಮನೆಗೆ ಹೋಗಬಾರದು, ಅದೇ ಓಣಿಯಲ್ಲಿ ಅವರ ಕೂಡ ಜಗಳವಾಡಿದವರು ಯಾರೆಂದು ನೋಡಿ, ಅವರ ಕಟ್ಟೆಯ ಮೇಲೆ ಕುಳಿತು ಚಹಾ ಕೇಳಬೇಕು. ಗೆಳೆಯರು ಮುಚ್ಚಿಡುತ್ತಾರೆ. ಜಗಳವಾಡಿದವರು ಮಾತ್ರ ಯಾರಾದರೂ ಬಂದು ಕೇಳಲಿ ಎಂದು ಎಲ್ಲವನ್ನೂ ಹೊಂದಿಸಿಕೊಂಡು ಕಾಯುತ್ತಿರುತ್ತಾರೆ.

ಮುಂದೆ ಹುಡುಗ ಹುಡುಗಿಯರು ಮೊಬೈಲಿನಲ್ಲೇ ಒಬ್ಬರನ್ನೊಬ್ಬರು ಹುಡುಕಿಕೊಳ್ಳತೊಡಗಿದರು. ಗುರುಶಾಂತವ್ವನ ಬಾಗಿಲಿಗೆ ಜನ ಬರುವುದು ನಿಂತಿತು. ನಲವತ್ತಮೂರು ವಯಸ್ಸಿನ ಸುಮನಳಿಗೆ ಬೇರೆ ಕಸಬು ಬರುತ್ತಿರಲಿಲ್ಲ.

ಆಗ ಬಸವಪ್ರಸಾದನ ಫೋನು ಬಂತು. ಅವನು ಅರಿಶಿನ ಪೇಟೆಯ ಅಡತಿ ದಲಾಲರ ಮನೆತನದ ಮಗ. ಕುಪವಾಡ ಎಂಐಡಿಸಿಯ ಕಾರಖಾನೆಗಳ ವಸಾಹತಿನಲ್ಲಿ ಎರಡು ಫೌಂಡ್ರಿಗಳ ನಡುವಿನ ಶೆಡ್ಡಿನಲ್ಲಿ, ಬೇರೆಯವರ ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವ ಕಂಪನಿ ನಡೆಸುತ್ತಿದ್ದ. ಗಿರಾಕಿಯೊಬ್ಬರ ಕಾರಖಾನೆಗೆ ಅವನು ಹನ್ನೊಂದು ಸುತ್ತಿನ ಕೋಟೆ ಕಟ್ಟಿಕೊಟ್ಟಿದ್ದ. ಕಳ್ಳ ಒಂದು ಸುತ್ತನ್ನೂ ಮುಟ್ಟಲಿಲ್ಲ. ಗುಮಾಸ್ತನಿಗೆ ಫೋನು ಮಾಡಿ, ಹೆಡ್ ಆಫೀಸಿನವನೆಂದು ಹೇಳಿ ಪಾಸ್‌ವರ್ಡ್ ಕೇಳಿದ. ಗುಮಾಸ್ತ ಒಂದೊಂದೇ ಅಕ್ಷರ ಬಿಡಿಸಿ, ಎರಡು ಸಲ ಹೇಳಿದ. ಆ ದಿನ ಬಸವಪ್ರಸಾದನಿಗೆ ಸುಮನಳ ನೆನಪಾಯಿತು. ಅವನ ಮದುವೆಯ ಮಾತುಕತೆ ನಡೆದಾಗ, ಅವನು ಶಾಲೆಯ ಏಳನೇ ಇಯತ್ತೆಯವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದ ಸಂಗತಿಯನ್ನು, ಅವನ ತಾಯಿಯೊಡನೆ ಮಾತುಬಿಟ್ಟ ಚಿಕ್ಕಮ್ಮನಿಂದ ಆರು ನಿಮಿಷದಲ್ಲಿ ಹೊರತೆಗೆದವಳು ಅವಳೇ.

ಕೆಲಸ ಇಷ್ಟೇ: ಗಿರಾಕಿಗಳ ಒಪ್ಪಿಗೆ ಬರೆಸಿಕೊಂಡು, ಕಳ್ಳರಿಗಿಂತ ಮೊದಲು ತಾನೇ ಅವರ ನೌಕರರನ್ನು ಮರುಳುಮಾಡಿ ನೋಡಿ, ಎಲ್ಲಿ ಬಾಗಿಲು ಸಡಿಲವಿದೆಯೆಂದು ತಿಳಿಸುವುದು. ಆರು ತಿಂಗಳು ಪರೀಕ್ಷೆಯ ಅವಧಿ. ಆಮೇಲೆ ಕಾಯಂ ಮಾಡುವ ಕಾಗದಕ್ಕೆ ತಂಡದ ಮುಖ್ಯಸ್ಥ ಪ್ರತೀಕನ ಸಹಿ ಬೇಕು.

ಪ್ರತೀಕ ಮಿರಜದವನು, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವನು. ಅವನ ಬೆನ್ನ ಹಿಂದೆ ತೂಗುಹಾಕಿದ ಪ್ರಮಾಣಪತ್ರಗಳ ಭಾರಕ್ಕೆ ಶೆಡ್ಡಿನ ಗೋಡೆ ಪಕ್ಕದ ಫೌಂಡ್ರಿಯ ಕಡೆಗೆ ನಾಲ್ಕು ಬೆರಳು ವಾಲಿತ್ತು. ಮೊದಲ ದಿನ ಅವನು ಸುಮನಳ ಇಳಕಲ್ ಸೀರೆಯನ್ನು, ಕೈಯಲ್ಲಿದ್ದ ಬಟ್ಟೆಯ ಚೀಲವನ್ನು, ಹಣೆಯ ವಿಭೂತಿಯನ್ನು ಸಾವಕಾಶವಾಗಿ ನೋಡಿದ.

"ಕಾಯ ಮಾವಶಿ, ಇಲ್ಲಿ ಯಾರಿಗೆ ಹುಡುಗಿ ತೋರಸಾಕ ಬಂದೀರಿ?"

ಓಣಿಯ ಹುಡುಗರು ಚಿಕ್ಕಮ್ಮನನ್ನು ಕರೆದಂತೆ ಮಾವಶಿ ಎಂದರೆ ಸುಮನಳಿಗೆ ಹಿತವೆನಿಸುತ್ತಿತ್ತು. ಇವನ ಬಾಯಲ್ಲಿ ಅದು ಕೆನ್ನೆಗೆ ಬಿದ್ದಂತೆ ಕೇಳಿಸಿತು. ಅವಳಿಗೆ ಕುರ್ಚಿ ಹಾಕಿಸಿದ್ದು ಪಾಯಖಾನೆಯ ಬಾಗಿಲ ಪಕ್ಕದಲ್ಲಿ. ಮೇಜು ಕೊಡಲಿಲ್ಲ. ಕಂಪ್ಯೂಟರ್ ಕೊಟ್ಟ, ಅದು ತೆರೆದುಕೊಳ್ಳುವಷ್ಟರಲ್ಲಿ ಬೆಳಗಾವಿಗೆ ಹೋಗಿ ಕುಂದಾ ತಂದು ತಿನ್ನಬಹುದಿತ್ತು. ಸಭೆಗಳಲ್ಲಿ ಅವಳು ಒಳಗೆ ಬಂದ ಕೂಡಲೇ ಇಂಗ್ಲಿಷಿಗೆ ತಿರುಗುತ್ತಿದ್ದ. ಆಫೀಸಿನ ಪತ್ರವ್ಯವಹಾರ, ನೇಮಕಾತಿ ನೋಡುತ್ತಿದ್ದ ಹರ್ಷದಾ ಆರಂಭದಲ್ಲಿ ಡಬ್ಬಿ ಹಂಚಿಕೊಳ್ಳುತ್ತಿದ್ದವಳು, ಪ್ರತೀಕನ ಮುಖ ನೋಡಿ ಎದ್ದುಹೋಗಿ ಬೇರೆ ಕಡೆ ಉಣ್ಣತೊಡಗಿದಳು.

ಸುಮನ ಹಲ್ಲು ಕಚ್ಚಿ ಓದಿದಳು. ತಂಗಿಯ ಮಗಳು ಸಂಪದಾ ಇಂಗ್ಲಿಷ್ ಶಬ್ದ ಹೇಳಿದರೆ, ಮುಂದೆ ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಅರ್ಥ ಬರೆದುಕೊಂಡು ಏಳು ನೋಟ್‌ಬುಕ್ಕು ತುಂಬಿಸಿದಳು. ಕಂಪ್ಯೂಟರ್ ಕಾವಲಿನ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಪಾಸಾದಳು. ಪ್ರಮಾಣಪತ್ರ ತೋರಿಸಿದಾಗ ಪ್ರತೀಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಆ ದಿನ ಪರೀಕ್ಷೆಯ ಕಂಪ್ಯೂಟರ್ ಕೆಟ್ಟಿರಬೇಕು ಎಂದ.

ಮೊದಲ ಕೆಲಸ ದ್ರಾಕ್ಷಿಯ ಕೋಲ್ಡ್ ಸ್ಟೋರೇಜೊಂದರಲ್ಲಿ. ಅಲ್ಲಿ ಅವಳು ಯಂತ್ರದ ತಂಟೆಗೇ ಹೋಗಲಿಲ್ಲ. ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲವೆಂದು ಅರ್ಧ ದಿನ ನೋಡಿದಳು. ಸ್ಟೋರಿನ ದಾದಾಸಾಬ ತನ್ನ ಪಾಸ್‌ವರ್ಡನ್ನು ಮೇಜಿನ ಗಾಜಿನ ಕೆಳಗೆ ಬರೆದಿಟ್ಟಿದ್ದಾನೆಂದು ಅವನ ವೈರಿ ಹೇಳಿದ. ಆ ವೈರಿಯ ಪಾಸ್‌ವರ್ಡ್ ಅವನ ನಾಯಿಯ ಹೆಸರೆಂದು ದಾದಾಸಾಬ ಹೇಳಿದ. ಎರಡು ದಿನದಲ್ಲಿ ಒಂಬತ್ತು ಬಾಗಿಲು ತೆರೆದವು. ವರದಿ ಓದಿ ಅಲ್ಲಿಯ ನೌಕರರು ಅವಳಿಗೆ ಹಾಕಿದ ಶಾಪಕ್ಕೆ ಕೋಲ್ಡ್ ಸ್ಟೋರೇಜಿನ ಅರ್ಧ ಬರ್ಫ ಕರಗಿತೆನ್ನುತ್ತಾರೆ. ಪ್ರತೀಕ ವರದಿಯನ್ನು ಮೇಜಿನ ಮೇಲೆ ಎಸೆದು, ಇದು ವಿದ್ಯೆಯಲ್ಲ, ಓಣಿಯ ಹರಟೆ ಎಂದ.

ಆರನೆಯ ತಿಂಗಳ ಕೊನೆಗೆ ಅವನ ಅಭಿಪ್ರಾಯ ಬಂತು: ಅರ್ಹಳಲ್ಲ. ಬಸವಪ್ರಸಾದ ಇಬ್ಬರನ್ನೂ ಕರೆದು ಕೂಡಿಸಿದ. ಸಹಿ ಹಾಕದಿರಲು ಕಾರಣ ಹೇಳು ಎಂದು ಕೇಳಿದ.

"ಗುಮಾಸ್ತರನ್ನ ಮರುಳು ಮಾಡೂದು ಎಲ್ಲಾರಿಗೂ ಬರತೈತಿ," ಎಂದು ಪ್ರತೀಕ ಸುಮನಳ ಕಡೆ ತಿರುಗಿದ. "ನನ್ನ ಬಾಗಲಾ ತಗೀರಿ ನೋಡೂಣು. ಎಂಟು ದಿವಸ ಕೊಡ್ತೇನಿ. ತಗದ್ರ ಅವತ್ತ ಸಹಿ. ಇಲ್ಲಾಂದ್ರ ಚೀಲ ತಗೊಂಡು ಹೋಗ್ರಿ ಮಾವಶಿ, ನಿಮ್ಮ ಹುಡುಗಿ ತೋರಸೂ ಕೆಲಸ ಎಲ್ಲೂ ಓಡಿಹೋಗಿಲ್ಲ."

"ಆತ್ರಿ ಸರ್," ಎಂದಳು ಸುಮನ. "ಕಾಗದಾ ಮಾಡಿಕೊಡ್ರಿ."

ಬರೆದ ಒಪ್ಪಿಗೆ ಇಲ್ಲದೆ ಮಾಡಿದರೆ ಅದು ಕಳವು, ಇದ್ದರೆ ಕೆಲಸ. ಬಸವಪ್ರಸಾದ ಸಹಿ ಮಾಡಿಕೊಟ್ಟ ಕಾಗದವನ್ನು ಅವಳು ಮಡಿಸಿ ಚೀಲದೊಳಗಿಟ್ಟಳು. ಎಂಟು ದಿನದಲ್ಲಿ ಆರು ತಿಂಗಳ ಅವಮಾನವೆಲ್ಲ ಹಣ್ಣಾಗಬೇಕು, ಇಲ್ಲವೆ ಮಣ್ಣಾಗಬೇಕು.

ಅವಳು ಹೊರಟದ್ದು ಪ್ರತೀಕನ ವೈರಿಯನ್ನು ಹುಡುಕಿಕೊಂಡು. ಸಿಗಲಿಲ್ಲ. ಹರ್ಷದಾ ಅವನನ್ನು ಹೊಗಳಿದಳು. ಹುಟ್ಟುಹಬ್ಬಕ್ಕೆ ಅವನು ಆಫೀಸಿಗೆಲ್ಲ ಲಾಡು ಹಂಚುತ್ತಾನೆ. ಕಾವಲುಗಾರನ ಮಗಳ ಶಾಲೆಯ ಅರ್ಜಿ ತಾನೇ ತುಂಬಿಕೊಟ್ಟಿದ್ದಾನೆ. ಚಹಾದವನು, ಪಕ್ಕದ ಫೌಂಡ್ರಿಯವರು, ಮಿರಜದ ಅವನ ಓಣಿಯವರು, ಎಲ್ಲರದೂ ಒಂದೇ ಮಾತು: ಚಲೋ ಹುಡುಗ. ಇಷ್ಟು ಒಳ್ಳೆಯ ಮನುಷ್ಯ ಕೃಷ್ಣೆಯಿಂದ ವಾರಣೆಯವರೆಗೆ ಇನ್ನೊಬ್ಬನಿರಲಿಲ್ಲ, ಮತ್ತು ಆ ಒಳ್ಳೆಯತನವೆಲ್ಲ ಸುಮನಳ ಕುರ್ಚಿಯ ಹತ್ತಿರ ಬಂದಾಗ ಮಾತ್ರ ಒಣಗಿಹೋಗುತ್ತಿತ್ತು. ನಾಲ್ಕನೆಯ ದಿನ ಅವನ ತಾಯಿಗೆ ಫೋನು ಮಾಡಿದಳು. ಹೆಸರು ಕೇಳಿದ ಕೂಡಲೇ ಆ ತಾಯಿ, ಮಗ ಎಲ್ಲ ಹೇಳಿಟ್ಟಿದ್ದಾನೆ, ನಿನ್ನಂಥವರ ಕೂಡ ಮಾತಿಲ್ಲ ಎಂದು ಫೋನು ಕುಕ್ಕಿದಳು. ಮರುದಿನ ಪ್ರತೀಕ ಪಾಯಖಾನೆಗೆ ಹೋಗುವಾಗ ಅವಳ ಪಕ್ಕ ನಿಂತು ಮೂರು ಬೆರಳು ತೋರಿಸಿದ. ಮೂರು ದಿನ ಉಳಿದಿತ್ತು.

ಆರನೆಯ ದಿನ ಮುಂಜಾನೆ ಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತ ಅತ್ತೆಯ ಎದುರು ಸುಮನ ಸೋತ ಮುಖ ಮಾಡಿದಳು. ಗುರುಶಾಂತವ್ವನಿಗೆ ಸೊಸೆಯ ಹೊಸ ಕಸಬಿನ ಮೇಲೆ ಮೊದಲಿನಿಂದಲೂ ಸಿಟ್ಟು. ಮನೆತನದ ವಿದ್ಯೆಯನ್ನು ಒಯ್ದು ಶೆಡ್ಡಿನಲ್ಲಿ ಇಟ್ಟಳೆಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಊರಾಗ ಅವಂಗ ವೈರಿ ಅಂಬೂದ ಇಲ್ಲತ್ತಿ," ಎಂದಳು ಸುಮನ.

"ಇಲ್ಲಾ?" ಗುರುಶಾಂತವ್ವ ತಲೆ ಎತ್ತಲಿಲ್ಲ. "ಆರು ತಿಂಗಳಾತು, ಅವನ ಹೆಸರು ತಗೀಲಾರದ ನೀ ಒಂದು ತುತ್ತು ಉಂಡಿಲ್ಲ. ಎಲ್ಲಾರ ಮನಿಗೆ ಹ್ವಾದಿ. ವೈರಿ ಮನಿಗೆ ಹೋಗಲಿಲ್ಲ. ಕನ್ನಡ್ಯಾಗ ಮಾರಿ ನೋಡ್ಕೊ, ದಡ್ಡಿ."

ಸುಮನ ಎದ್ದು ಹೋಗಿ ನಿಜವಾಗಿಯೂ ಕನ್ನಡಿಯ ಮುಂದೆ ಕುಳಿತಳು. ಕಟ್ಟೆಯ ಮೇಲೆ ಕುಳಿತವರನ್ನು ಕೇಳುವ ಹಾಗೆ ತನ್ನನ್ನು ತಾನೇ ಕೇಳಿಕೊಂಡಳು: ಈ ಹುಡುಗನ ಬಗ್ಗೆ ನಿನಗೇನು ಗೊತ್ತು? ಕನ್ನಡಿಯೊಳಗಿನ ಹೆಂಗಸು ಆರು ತಿಂಗಳಿಂದ ಹೊಂದಿಸಿಟ್ಟುಕೊಂಡದ್ದನ್ನೆಲ್ಲ ತಡಬಡಿಸದೆ ಹೇಳಿದಳು. ಅವನಿಗೆ ದುಡ್ಡಿನ ಆಸೆಯಿಲ್ಲ. ಬಹುಮಾನ, ಹೆಣ್ಣು, ಬಡ್ತಿ ಯಾವುದಕ್ಕೂ ಅವನು ಕೈ ಚಾಚುವುದಿಲ್ಲ. ಅವನಿಗೆ ಬೇಕಾದದ್ದು ಒಂದೇ. ಸುಮನ ಹೋಗಬೇಕು.

ಏಳನೆಯ ದಿನ ಮಧ್ಯಾಹ್ನ ಪ್ರತೀಕನಿಗೆ ಒಂದು ಮೇಲ್ ಹೋಯಿತು. ಕಳಿಸಿದವರು ಹರ್ಷದಾ ಎಂದಿತ್ತು. ವಿಷಯ: ಸುಮನ ಅವರನ್ನು ಕೆಲಸದಿಂದ ತೆಗೆಯುವ ಬಗ್ಗೆ, ಗುಪ್ತ. ನಾಲ್ಕು ಗಂಟೆಯೊಳಗೆ ಕೆಳಗಿನ ಕೊಂಡಿಯಿಂದ ಒಳಗೆ ಹೋಗಿ ತಮ್ಮ ಅಭಿಪ್ರಾಯ ದಾಖಲಿಸಬೇಕು. ಕಂಪನಿಯ ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರ ಓದಿರಿ ಎಂದು ಪ್ರತೀಕ ಮಹಾರಾಷ್ಟ್ರದ ಅರ್ಧ ಕಾರಖಾನೆಗಳಲ್ಲಿ ಪಾಠ ಹೇಳಿ ಬಂದಿದ್ದ.

ಪಾಯಖಾನೆಯ ಬಾಗಿಲ ಪಕ್ಕದಿಂದ ಸುಮನ ಅವನ ಬೆನ್ನು ನೋಡುತ್ತಿದ್ದಳು. ಅವನು ಮೇಲ್ ತೆರೆದ. ನೆಟ್ಟಗೆ ಕುಳಿತ. ಎರಡು ನಿಮಿಷವೂ ಆಗಿರಲಿಲ್ಲ, ಪಾಸ್‌ವರ್ಡ್ ಹೊಡೆದ. ಮೊಬೈಲಿಗೆ ಬಂದ ಅಂಕಿಯನ್ನೂ ನೋಡಿ ನೋಡಿ ಹೊಡೆದ. ಆಮೇಲೆ ಅವನ ಬೆರಳುಗಳು ಕೀಲಿಮಣೆಯ ಮೇಲೆ ಎಷ್ಟು ಜೋರಾಗಿ ಓಡಿದವೆಂದರೆ ಪಕ್ಕದ ಫೌಂಡ್ರಿಯವರು ತಮ್ಮ ಸುತ್ತಿಗೆ ನಿಲ್ಲಿಸಿ ಕಿವಿಗೊಟ್ಟರು.

ಮರುದಿನ ಬಸವಪ್ರಸಾದನ ಕೋಣೆಯಲ್ಲಿ ಆ ಅಭಿಪ್ರಾಯ ಕಾಗದಕ್ಕಿಳಿದು ಮೇಜಿನ ಮೇಲಿತ್ತು. ಹತ್ತೊಂಬತ್ತು ಸಾಲು. ಪಾಸ್‌ವರ್ಡನ್ನು ತಾನು ಉಳಿಸಿಕೊಂಡಿಲ್ಲ, ಹೊಡೆದ ಹೊತ್ತನ್ನಷ್ಟೇ ಬರೆದಿಟ್ಟಿದ್ದೇನೆ ಎಂದು ಸುಮನ ಹೇಳಿದಳು. ಪ್ರತೀಕನ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಯಿತು. ಬಸವಪ್ರಸಾದ ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿದ: ಈಕೆಗೆ ಯಂತ್ರ ಗೊತ್ತಿಲ್ಲ, ಮನುಷ್ಯರ ದೌರ್ಬಲ್ಯ ಮಾತ್ರ ಗೊತ್ತು, ಈಕೆ ಇದ್ದರೆ ಆಫೀಸಿನಲ್ಲಿ ಯಾರೂ ನಿಶ್ಚಿಂತೆಯಿಂದ ಬಾಯಿ ತೆರೆಯುವಂತಿಲ್ಲ.

"ಪ್ರತೀಕ," ಎಂದ ಬಸವಪ್ರಸಾದ, "ಇದಕ್ಕ ಅಲ್ಲೇನು ನಾವು ಇವರನ್ನ ಕರಕೊಂಡು ಬಂದದ್ದು?"

ಪ್ರತೀಕ ಸಹಿ ಹಾಕಿದ. ಪೆನ್ನು ಕಾಗದವನ್ನು ಹರಿದು ಮೇಜಿಗೆ ಗೀರು ಬಿತ್ತು. ಹೊರಗೆ ಬಂದು ಸುಮನಳ ಕುರ್ಚಿಯ ಎದುರು ನಿಂತ. ಈ ಸಲ ಮಾವಶಿ ಎನ್ನಲಿಲ್ಲ.

"ನನ್ನ ಬಗ್ಗೆ ನಿಮಗ ಯಾರು ಹೇಳಿದ್ರು?"

"ನಿಮ್ಮ ವೈರಿ, ಸರ್."

"ಯಾರು ಅದು?"

"ವಿಚಾರಣೆಗೆ ಹ್ವಾದ ಮನಿ ಹೆಸರು ನಮ್ಮ ಕಸಬಿನ್ಯಾಗ ಹೇಳೂದಿಲ್ರಿ."

ಅವನು ತಿರುಗಿ ಹರ್ಷದಾಳನ್ನು ನೋಡಿದ. ಅವಳ ಆಚೆ ಕುಳಿತವರನ್ನು ನೋಡಿದ. ಆ ವಾರದಿಂದ ಅವನ ಮೇಜಿನ ಖಾನೆಗಳಿಗೆ ಬೀಗ ಬಿತ್ತು. ಹರ್ಷದಾ ಹತ್ತಿರ ಬಂದರೆ ಪರದೆ ಮುಚ್ಚತೊಡಗಿದ. ಅವಳು ಒಂದು ದಿನ ತಡೆಯಲಾರದೆ ಜಗಳ ತೆಗೆದಳು. ಚಹಾದವನನ್ನು ಬಾಗಿಲಲ್ಲೇ ನಿಲ್ಲಿಸಿ, ಯಾರ ಯಾರ ಕೂಡ ಏನು ಮಾತಾಡುತ್ತೀ ಎಂದು ವಕೀಲರ ಹಾಗೆ ಕೇಳಿದ. ಚಹಾದವನು ಮರುದಿನದಿಂದ ಅವನಿಗೆ ತಣ್ಣಗಾದ ಚಹಾ ಕೊಟ್ಟ. ಕಾವಲುಗಾರ ಸಲಾಮು ಹಾಕುವುದನ್ನು ಬಿಟ್ಟ. ಹುಟ್ಟುಹಬ್ಬ ಬಂತು, ಲಾಡು ಬರಲಿಲ್ಲ.

ಸುಮನಳಿಗೆ ಮೇಜು ಸಿಕ್ಕಿತು, ಹೊಸ ಕಂಪ್ಯೂಟರ್ ಸಿಕ್ಕಿತು. ಕುರ್ಚಿಯನ್ನು ಮಾತ್ರ ಅವಳು ಅಲ್ಲಿಂದ ಕದಲಿಸಲು ಬಿಡಲಿಲ್ಲ. ಇಡೀ ಆಫೀಸು ದಿನಕ್ಕೆ ನಾಲ್ಕು ಸಲ, ಗೊಣಗಿಕೊಳ್ಳುತ್ತ, ಅದೇ ದಾರಿಯಲ್ಲಿ ಹಾಯಬೇಕು. ಡಬ್ಬಿ ಹಂಚಿಕೊಳ್ಳಲು ಈಗಲೂ ಯಾರೂ ಬರುತ್ತಿರಲಿಲ್ಲ. ಅವಳು ಒಬ್ಬಳೇ ರೊಟ್ಟಿ ಮುರಿಯುತ್ತ, ಎಂಟನೆಯ ನೋಟ್‌ಬುಕ್ಕು ತೆರೆದು, ಪ್ರತೀಕನ ಹೆಸರಿನ ಕೆಳಗೆ ಬರೆದುಕೊಂಡಳು: ಹರ್ಷದಾ, ಚಹಾದವನು, ಕಾವಲುಗಾರ. ತಿಂಗಳು ಮುಗಿಯುವಷ್ಟರಲ್ಲಿ ಪಟ್ಟಿ ಏಳಕ್ಕೆ ಮುಟ್ಟಿತು. ಮುಂದಿನ ಸಲ ಅವನ ವಿಚಾರಣೆಗೆ ಹೊರಟರೆ ಅವಳು ತನ್ನ ಕನ್ನಡಿಯ ಮುಂದೆ ಕೂರಬೇಕಾಗಿರಲಿಲ್ಲ.