ಐದು ಡಿಗ್ರಿ ತಣ್ಣಗಿನ ನೀರು

“ಇಷ್ಟು ನೀರು ಕುಡಿದ್ರೂ ನಿನ್ನ ಹೊಟ್ಟೆ ಉರಿ ಯಾಕೆ ಆರಲ್ಲ?”

ಗೊಣಗಪ್ಪನವರು ಇದನ್ನು ಯಾರನ್ನೂ ಕೇಳಿದ್ದಲ್ಲ. ಅವರ ಮುಂದಿದ್ದದ್ದು ಕಬ್ಬಿಣದ ಪೀಠದ ಮೇಲೆ ಅಡ್ಡ ಮಲಗಿದ್ದ, ಬಿಸಿ ಅಂಟನ್ನು ತಣ್ಣೀರಿನಿಂದ ತಣಿಸುವ ಕೂಲರ್ ಒಂದೇ. ಹಿಂದೆ ನಾನು ಬಂದು ನಿಂತದ್ದು ಅವರಿಗೆ ತಿಳಿದಿರಲಿಲ್ಲ. ಪಂಪು, ವಾಲ್ವು, ಮೀಟರು ಎಲ್ಲದರ ಜೊತೆಗೂ ಮಾತಾಡುತ್ತಾರೆಂದು ಆ ಅಂಟಿನ ಕಾರ್ಖಾನೆಯವರು ಅವರಿಗೆ ಇಟ್ಟ ಹೆಸರು ಅದು. ಹಗಲು ಪಾಳಿಯ ಆಪರೇಟರ್, ಐವತ್ತು ದಾಟಿದವರು.

ನನ್ನನ್ನು ಕಂಡು ಕೈಯ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು.

“ಬಂದ್ರಾ ಮೇಡಂ? ನೋಡಿ ನಿಮ್ಮ ಕೂಸನ್ನ. ಅಂಟನ್ನ ತೊಂಬತ್ತು ಡಿಗ್ರಿಯಲ್ಲಿ ಒಳಗೆ ಬಿಡ್ತೀನಿ, ನಲವತ್ತೊಂಬತ್ತರಲ್ಲಿ ಹೊರಗೆ ಉಗುಳುತ್ತೆ. ನಲವತ್ತೈದಕ್ಕಿಂತ ಬಿಸಿಯಾಗಿ ಟ್ಯಾಂಕಿಗೆ ಹೋದ್ರೆ ಅಲ್ಲೇ ಕಲ್ಲಾಗುತ್ತೆ. ಈ ತಿಂಗಳು ಎರಡು ಟ್ಯಾಂಕು ಸಲಿಕೆಯಲ್ಲಿ ಕೆರೆದು ತೆಗೆದಿದ್ದೀವಿ.”

“ಕೊಳವೆ ತೊಳೆದ್ರಾ?”

“ಮೂರು ಸಲ. ಇನ್ನೂರ ತೊಂಬತ್ತು ಕೊಳವೆ, ಒಂದೊಂದಕ್ಕೂ ಬ್ರಷ್ ತೂರಿಸಿ. ನನ್ನ ಹಲ್ಲನ್ನೂ ನಾನು ಅಷ್ಟು ಚೆನ್ನಾಗಿ ಉಜ್ಜಿಲ್ಲ.”

ಚಳಿಯ ತಿಂಗಳುಗಳಲ್ಲಿ ಈ ಹೊಸ ಘಟಕ ಶುರುವಾದಾಗ ಇದೇ ಕೂಲರ್ ಚೆನ್ನಾಗಿ ನಡೆದಿತ್ತು. ಬಿಸಿಲು ಏರಿದ ಮೇಲೆ ಕೈಕೊಟ್ಟಿತು. ಗೊಣಗಪ್ಪನವರು ತಮ್ಮ ದಿನಚರಿ ಪುಸ್ತಕ ತೆರೆದು ತೋರಿಸಿದರು. ಕೊಳವೆಗೆ ಹೋಗುವ ತಣ್ಣೀರಿನ ಬಿಸಿ ಮೂವತ್ಮೂರು, ಮೂವತ್ಮೂರು, ಮೂವತ್ತೆರಡೂವರೆ, ಮೂವತ್ಮೂರು. ಗುಂಡಗಿನ ಅಕ್ಷರ, ಒಂದು ದಿನವೂ ಬಿಟ್ಟಿಲ್ಲ.

“ನಾಳೆ ಯಜಮಾನರು ಬರ್ತಾರಂತೆ ಮೇಡಂ. ನಾನು ಕೂಲಿಂಗ್ ಟವರ್ ತೊಳೆದಿಲ್ಲ, ಅದಕ್ಕೇ ನೀರು ತಣ್ಣಗಾಗ್ತಿಲ್ಲ ಅಂತ ಮಾತು ಬಂದಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನನ್ನ ಕೆಲಸ ಉಳಿಯೋದು ಕಷ್ಟ.”

“ಹಾಗಂದೋರು ಯಾರು?”

“ಮೇಲಿನವರು. ಅವರಿಗೆ ಯಾರು ಹೇಳಿದ್ರೋ ಗೊತ್ತಿಲ್ಲ.”

ನಾನು ಏಣಿ ಹತ್ತಿ ನೋಡಿದೆ. ಮೇಲಿನಿಂದ ಸುರಿಯುವ ನೀರನ್ನು ಗಾಳಿಗೊಡ್ಡಿ ತಣಿಸುವ ಆ ಗೋಪುರ ಆಗತಾನೇ ತೊಳೆದ ತಟ್ಟೆಯ ಹಾಗಿತ್ತು. ತಪ್ಪು ಅಲ್ಲಿರಲಿಲ್ಲ. ಏಣಿ ಇಳಿಯುತ್ತ ನನ್ನ ಹಳೆಯ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ಹಾಕತೊಡಗಿದೆ. ತಪ್ಪು ಅಲ್ಲಿಲ್ಲದಿದ್ದರೆ ನನ್ನ ಲೆಕ್ಕದಲ್ಲೇ ಇರಬೇಕಲ್ಲ.

ಈ ಕೂಲರ್ ಎಷ್ಟು ದೊಡ್ಡದಿರಬೇಕೆಂದು ಲೆಕ್ಕ ಹಾಕಿದವಳು ನಾನು. ನಮ್ಮದು ಎರಡು ಕೋಣೆಯ ಆಫೀಸು. ಕಾರ್ಖಾನೆಗಳಿಗೆ ಯಾವ ಪಂಪು ಬೇಕು, ಯಾವ ಟ್ಯಾಂಕು, ಎಷ್ಟು ಗಾತ್ರದ್ದು ಎಂದು ಹೇಳಿಕೊಡುವುದು ನಮ್ಮ ಕೆಲಸ. ಅದರ ಮುಖ್ಯಸ್ಥರು ನನ್ನ ಅಕ್ಕನ ಗಂಡ. ಲೆಕ್ಕ ಹಾಕುವುದು ನಾನು, ಸಾಮಾನು ಆರಿಸಿ ತರಿಸುವುದು ಭಾವ. ಹದಿನೇಳು ವರ್ಷ ಹೀಗೇ ನಡೆದಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರ ಭಾವ ನನ್ನನ್ನು ಒಂದು ಪಂಪಿನ ಮುಂದೆ ನಿಲ್ಲಿಸಿದ್ದರು. ಅದರ ವಾಲ್ವನ್ನು ಕಾಲು ಭಾಗ ಮಾತ್ರ ತೆರೆದಿದ್ದರು. ಕತ್ತು ಹಿಸುಕಿದ ಹಾಗೆ ಅದು ಅರಚುತ್ತಿತ್ತು. ವರ್ಷಕ್ಕೆ ಮೂರು ಸಲ ಬೇರಿಂಗ್ ಬದಲಾಯಿಸಬೇಕಿತ್ತಂತೆ.

“ಲೆಕ್ಕ ಹಾಕಿದೋನು ಭಯಕ್ಕೆ ನೂರಕ್ಕೆ ಹತ್ತು ಸೇರಿಸಿದ,” ಎಂದು ಭಾವ ನಕ್ಕಿದ್ದರು. “ಯಂತ್ರ ಆರಿಸೋನು ಭದ್ರತೆಗೆ ಇನ್ನೊಂದು ಹತ್ತು ಸೇರಿಸಿದ. ಮಾರೋನು ಅಭ್ಯಾಸಬಲಕ್ಕೆ ಮತ್ತೊಂದು ಹತ್ತು. ಒಬ್ಬ ಸೇರಿಸಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಕೊನೆಗೆ ಇಲಿ ಹಿಡಿಯೋಕೆ ಆನೆ ತಂದು ಕಟ್ಟಿದ್ರು. ಪುಟ್ಟೀ, ನಮ್ಮಲ್ಲಿ ಹೀಗೆ ಬೇಡ. ನೀನು ನನಗೆ ಮೈಯಳತೆ ಕೊಡು, ಸಾಕು. ಎಷ್ಟು ಸಡಿಲ ಹೊಲೀಬೇಕು ಅನ್ನೋದು ನನಗೆ ಬಿಡು.”

ನನಗದು ಉಪದೇಶದ ಹಾಗೆ ಕಿವಿಗೆ ಬಿದ್ದಿತ್ತು. ಅಂದಿನಿಂದ ನಾನು ಕೊಟ್ಟದ್ದೆಲ್ಲ ಬರೀ ಮೈಯಳತೆ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಬೇರೆ ಕಡೆಯ ಗೆಳತಿಯರು “ಅಷ್ಟು ಬಿಗಿಯಾಗಿ ಲೆಕ್ಕ ಕೊಟ್ಟು ನಿದ್ದೆ ಹೇಗೆ ಮಾಡ್ತೀಯೇ?” ಎಂದು ಕೇಳುತ್ತಿದ್ದರು. ಭಾವ ಇದ್ದಾರಲ್ಲ, ನೂರಕ್ಕೆ ಹದಿನೈದು ಅವರು ಸೇರಿಸುತ್ತಾರೆ ಎನ್ನುತ್ತಿದ್ದೆ.

ಈ ಕೂಲರಿಗೂ ಹಾಗೇ. ಬಿಸಿಲು ಕಡುವಾಗಿದ್ದ ವಾರ ನಾನೇ ಬಂದು, ಪಕ್ಕದ ಹಳೆಯ ಘಟಕದ ಟವರಿನ ನೀರಿಗೆ ಉಷ್ಣಮಾಪಕ ಇಳಿಬಿಟ್ಟು ಅಳೆದಿದ್ದೆ. ಮೂವತ್ಮೂರು. ಅದನ್ನೇ ಹಿಡಿದು ಲೆಕ್ಕ ಮಾಡಿದರೆ ಬೇಕಾದ ಕೊಳವೆಗಳ ಒಟ್ಟು ಹೊರಮೈ ಅರುವತ್ತೆರಡು ಚದರ ಮೀಟರ್ ಬಂದಿತ್ತು. ಭಾವ ತಮ್ಮ ಪಾಲು ಸೇರಿಸಿ ಎಪ್ಪತ್ತೊಂದರದು ತರಿಸಿರುತ್ತಾರೆ ಎಂದೇ ನಂಬಿದ್ದೆ.

ಕೂಲರಿನ ಪಕ್ಕಕ್ಕೆ ಹೊಡೆದಿದ್ದ ತಗಡಿನ ಫಲಕಕ್ಕೆ ಹೊಸ ಬಣ್ಣ ಮೆತ್ತಿತ್ತು. ಗೊಣಗಪ್ಪನವರ ಹೆಗಲ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಅಂಕಿಗಳು ಒಂದೊಂದಾಗಿ ಎದ್ದವು. ಐವತ್ತೆರಡು ಚದರ ಮೀಟರ್. ತಯಾರಾದ ವರ್ಷ, ನಾನು ಲೆಕ್ಕ ಹಾಕಿದ್ದಕ್ಕಿಂತ ಎರಡು ವರ್ಷ ಹಿಂದಿನದು.

“ಇದು ಇನ್ಯಾರಿಗೋ ಮಾಡಿದ್ದು,” ಎಂದೆ.

“ಅದಕ್ಕೇ ನಮ್ಮ ಮಾತು ಕೇಳಲ್ಲ,” ಎಂದರು ಗೊಣಗಪ್ಪನವರು. ಆಮೇಲೆ ನನ್ನ ಮುಖ ನೋಡಿ ಕಡತದ ಕೋಣೆಯ ದಾರಿ ತೋರಿಸಿದರು.

ಕಾರ್ಖಾನೆಯ ಕಡತದ ಕೋಣೆಯಲ್ಲಿ ನಮ್ಮ ಲೆಕ್ಕದ ಪ್ರತಿ ಸಿಕ್ಕಿತು. ನಾಲ್ಕು ಹಾಳೆ. ಕೊನೆಯ ಹಾಳೆಯಲ್ಲಿ ನನ್ನ ಸಹಿ, ನನ್ನದೇ ಶಾಯಿ. ಮೊದಲ ಹಾಳೆಯಿಂದ ಓದುತ್ತ ಬಂದೆ. ಮನೆಯಲ್ಲಿ ಅಪ್ಪ ಬೆಳಿಗ್ಗೆ ಪದ್ಯ ಓದುವುದನ್ನು ಕೇಳುತ್ತ ಬೆಳೆದ ಕಿವಿ ನನ್ನದು. ಅರ್ಥ ಆಗದ ವಯಸ್ಸಿನಲ್ಲೂ ಒಂದು ಮಾತ್ರೆ ಜಾರಿದರೆ ಸಾಲು ಕುಂಟಿದ್ದು ತಿಳಿಯುತ್ತಿತ್ತು. ನೀರಿನ ಬಿಸಿ ಎಂಬಲ್ಲಿಗೆ ಬಂದಾಗ ಹಾಗೇ ಆಯಿತು. ಇಪ್ಪತ್ತೆಂಟು ಎಂದಿತ್ತು. ಕೆಳಗೆ ಬೇಕಾದ ಮೈ ಐವತ್ತೊಂದು ಎಂದಿತ್ತು. ನಡುವಿನ ಎರಡು ಹಾಳೆಗಳ ಲೆಕ್ಕವನ್ನೂ ಅದಕ್ಕೆ ಹೊಂದುವಂತೆ ಹೊಸದಾಗಿ ಟೈಪು ಮಾಡಿದ್ದರು. ಸಹಿಯ ಹಾಳೆ ಮಾತ್ರ ಹಳೆಯದು. ಅದರ ಮೂಲೆಯಲ್ಲಿ ಪಿನ್ನು ಎರಡು ಸಲ ಚುಚ್ಚಿದ ಗುರುತಿತ್ತು. ಉಳಿದವಕ್ಕೆ ಒಂದೇ ಸಲ.

ಪ್ರತಿಯ ನಕಲು ತೆಗೆದುಕೊಂಡು ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಬಸ್ಸಿನಲ್ಲಿ ಕೂತು ಕಾರಣ ಹುಡುಕಿದೆ. ಟೈಪು ಮಾಡಿದವರು ತಪ್ಪಿರಬಹುದು. ಬೇರೆ ಕೆಲಸದ ಹಾಳೆ ಸೇರಿಕೊಂಡಿರಬಹುದು. ದೇವರೇ, ಹಾಗೇ ಆಗಿರಲಿ ಎಂದುಕೊಂಡೆ. ಮೂರು ಹಾಳೆ ತಾವಾಗಿ ಹೊಂದಿಕೊಳ್ಳುವುದಿಲ್ಲ ಎಂದು ನನಗೇ ಗೊತ್ತಿತ್ತು.

ಬಿಸಿಲು ಇನ್ನೂ ಇಳಿದಿರಲಿಲ್ಲ. ಅಕ್ಕ ಬಾಗಿಲು ತೆಗೆದು, “ಮುಖ ಯಾಕೆ ಹೀಗಿದೆ? ಊಟ ಮಾಡಿದ್ಯೋ ಇಲ್ವೋ?” ಎಂದಳು. ಭಾವ ಊಟದ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದರು. ನಾನು ಹಾಳೆಗಳನ್ನು ಅವರ ಮುಂದಿಟ್ಟೆ.

“ಭಾವ, ಇಪ್ಪತ್ತೆಂಟು ಎಲ್ಲಿಂದ ಬಂತು?”

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

“ಸೈಟಿಗೆ ಹೋಗಿದ್ಯಾ? ಒಂದು ಮಾತು ಹೇಳಿ ಹೋಗಬಾರದಿತ್ತಾ?”

“ನಾನು ಬರೆದಿದ್ದು ಮೂವತ್ಮೂರು.”

“ಗೊತ್ತು ಕಣೇ. ಕೂಲರ್ ಮಾಡೋರು ಹೊಸದಕ್ಕೆ ಐದು ತಿಂಗಳು ಬೇಕು ಅಂದ್ರು. ಅವರ ಅಂಗಳದಲ್ಲೇ ಒಂದು ಸಿದ್ಧವಾಗಿ ಬಿದ್ದಿತ್ತು, ಯಾರೋ ಮಾಡಿಸಿ ಬೇಡ ಅಂತ ಬಿಟ್ಟಿದ್ದು. ನಾನಾಗಲೇ ಯಜಮಾನರಿಗೆ ತಾರೀಕು ಕೊಟ್ಟುಬಿಟ್ಟಿದ್ದೆ. ನೀರು ಐದು ಡಿಗ್ರಿ ತಣ್ಣಗಿದೆ ಅಂದ್ಕೊಂಡ್ರೆ ಲೆಕ್ಕ ಐವತ್ತೊಂದಕ್ಕೆ ಇಳೀತು. ಹೊಂದ್ಕೊಳ್ತು.”

“ಅಂದ್ಕೊಂಡ್ರೆ ನೀರು ತಣ್ಣಗಾಗುತ್ತಾ? ಅಲ್ಲಿಯ ಬೇಸಿಗೆಯ ತೇವದ ಗಾಳಿಗೆ, ದೇವರೇ ಬಂದು ಟವರ್ ತೊಳೆದ್ರೂ ಇಪ್ಪತ್ತೆಂಟು ಬರಲ್ಲ.”

“ಅಷ್ಟು ಸಿಟ್ಟು ಯಾಕೆ? ಅರುವತ್ತೆರಡರಲ್ಲಿ ನೀನು ಹೇಗೂ ಹತ್ತು ಹನ್ನೆರಡು ಬಚ್ಚಿಟ್ಟಿರ್ತೀಯ, ಸರಿಹೋಗುತ್ತೆ ಅಂದ್ಕೊಂಡೆ. ಎಲ್ಲರೂ ಇಡ್ತಾರೆ.”

“ನಾನು ಯಾವತ್ತು ಇಟ್ಟಿದ್ದೆ?”

“ಇಡಲ್ಲ ಅಂತಿದ್ದೆ. ಇಟ್ಟೋರು ಯಾರು ತಾನೇ ಇಟ್ಟಿದ್ದೀನಿ ಅಂತಾರೆ?” ಭಾವ ನಕ್ಕರು. ಆ ಪಂಪಿನ ಮುಂದೆ ನಕ್ಕ ಹಾಗೇ, ಸಲುಗೆಯಿಂದ.

ನಾನು ಕುರ್ಚಿ ಎಳೆದುಕೊಂಡು ಕೂತೆ.

“ಮಿಕ್ಕ ಕೆಲಸಗಳಲ್ಲಿ ಹದಿನೈದು ಸೇರಿಸ್ತಿದ್ರಲ್ಲ?”

“ಸೇರಿಸ್ತಿದ್ದೆ. ಒಂದೊಂದ್ಸಲ.”

ಒಂದೊಂದ್ಸಲ. ಕಣ್ಣು ಮುಚ್ಚಿದರೆ ಊರೂರಿನ ಕಾರ್ಖಾನೆಗಳು ಬಂದವು. ನನ್ನ ಅಳತೆಯ ಪಂಪುಗಳು, ನನ್ನ ಅಳತೆಯ ಟ್ಯಾಂಕುಗಳು, ಸುರಕ್ಷತೆಯ ವಾಲ್ವುಗಳು. ಅವುಗಳ ಪಕ್ಕದಲ್ಲಿ ಪಾಳಿಗೆ ನಿಂತವರು. ಹಾಳೆ ಬದಲಾಯಿಸಿದ್ದನ್ನು ಹೇಗೋ ನುಂಗಬಹುದಿತ್ತು. ಹದಿನೇಳು ವರ್ಷ ನಾನು ಸತ್ಯವೆಂದು ಕೈಯಲ್ಲಿಟ್ಟದ್ದನ್ನು ಈ ಮನುಷ್ಯ ಒಂದು ದಿನವೂ ಸತ್ಯವೆಂದು ತೆಗೆದುಕೊಂಡಿರಲಿಲ್ಲ. ಇದನ್ನು ನುಂಗಲಾಗಲಿಲ್ಲ.

ಭಾವ ಬರೆಯುತ್ತಿದ್ದ ಕಾಗದವನ್ನು ನನ್ನ ಕಡೆ ತಿರುಗಿಸಿದರು.

“ಆಗಿದ್ದು ಆಗಿಹೋಯ್ತು. ಇದನ್ನ ನೋಡು. ನಾಳೆ ಯಜಮಾನರಿಗೆ ಕೊಡೋದು. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೆ ಬರೆದಿದ್ದೀನಿ.”

ಓದಿದೆ. ನೀರು ಇಪ್ಪತ್ತೆಂಟು ಡಿಗ್ರಿ ಇರುತ್ತದೆಂದು ಸ್ಥಳದಲ್ಲೇ ಅಳೆದು ನಿರ್ಧರಿಸಲಾಗಿತ್ತು. ಗಾತ್ರ ಸರಿಯಾಗಿದೆ. ಹಗಲು ಪಾಳಿಯ ಆಪರೇಟರ್ ಟವರನ್ನು ಶುಚಿಯಾಗಿಡದ ಕಾರಣ ನೀರು ಬಿಸಿಯಾಗಿದೆ. ಕೆಳಗೆ ಭಾವನ ಸಹಿ. ಅದರ ಪಕ್ಕದಲ್ಲಿ ‘ಅಳತೆ ಮಾಡಿದವರು’ ಎಂದು ಬರೆದು ಜಾಗ ಬಿಟ್ಟಿದ್ದರು.

“ಆ ಮಾತು ಹಬ್ಬಿಸಿದ್ದೂ ನೀವೇನಾ?”

ಭಾವ ಕಾಗದವನ್ನು ಇನ್ನಷ್ಟು ನನ್ನ ಕಡೆ ಸರಿಸಿದರು. ಅಕ್ಕ ನನ್ನ ಹಿಂದೆ ಬಂದು ನಿಂತು ಹೆಗಲ ಮೇಲೆ ಕೈಯಿಟ್ಟಳು.

“ಪುಟ್ಟೀ, ಒಂದು ಸಹಿ ತಾನೇ? ನಿನ್ನೆಯಿಂದ ಇವರು ಸರಿಯಾಗಿ ಊಟ ಮಾಡಿಲ್ಲ. ಆಫೀಸು ಮುಚ್ಚಿದ್ರೆ ನಿನಗೂ ಕೆಲಸ ಇಲ್ಲ, ನಮಗೂ ಇಲ್ಲ. ಆ ಗೊಣಗೋನಿಗೆ ಇನ್ನೆಲ್ಲಾದ್ರೂ ಸಿಗುತ್ತೆ ಬಿಡು.”

ತಿರುಗಿ ಅವಳ ಮುಖ ನೋಡಿದೆ. ಅವಳು ಗೊಣಗಪ್ಪನವರನ್ನು ಕಂಡವಳಲ್ಲ. ಅವರ ವಿಷಯ ನಾನು ಯಾವತ್ತೂ ಅವಳಿಗೆ ಹೇಳಿದವಳಲ್ಲ. ಅಂದರೆ ಇಬ್ಬರೂ ಕೂತು ಮಾತಾಡಿಯೇ ಈ ಕಾಗದ ಬರೆದಿದ್ದರು. ನನ್ನ ಜಾಗವನ್ನು ಇಬ್ಬರೂ ಸೇರಿಯೇ ಖಾಲಿ ಬಿಟ್ಟಿದ್ದರು.

“ನಿನಗೆ ಯಾವಾಗಿಂದ ಗೊತ್ತು ಅಕ್ಕಾ?”

“ಈಗ ಅದೆಲ್ಲ ಯಾಕೆ?” ಎಂದಳು. ಕೈ ಮಾತ್ರ ಹೆಗಲಿಂದ ಹಿಂದಕ್ಕೆ ಹೋಯಿತು.

ಭಾವ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಅವರ ದನಿ ತಗ್ಗಿತ್ತು. ಬೇಡುವ ದನಿ. ನಾನದನ್ನು ಮೊದಲು ಕೇಳಿರಲಿಲ್ಲ.

“ಹೇಳಿಕೊಟ್ಟೋನು ಅಂತಾದ್ರೂ ನೆನೆಸ್ಕೊಂಡು ಹಾಕು. ಇದೊಂದು ಸಲ.”

“ಹಾಕಲ್ಲ ಭಾವ,” ಎಂದೆ. “ನಾಳೆ ಯಜಮಾನರು ಕೇಳಿದ್ರೆ ಮೂವತ್ಮೂರು ಅಂತಲೇ ಹೇಳ್ತೀನಿ. ಇದಕ್ಕೆ ನಾನು ಸಹಿ ಹಾಕಲ್ಲ.”