ತೊಗಲು ಒಣಗುವವರೆಗೆ

ನಾನು ಪಿಸ್ತೂಲು ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನನ್ನು ಕಂಡವರು ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಆಮೇಲೆ ನಗುತ್ತಾರೆ. ನಾನೊಂದು ಅಚ್ಚು. ಪಿಸ್ತೂಲಿನ ಆಕಾರಕ್ಕೆ ಕೆತ್ತಿದ ಜಾಲಿಕಟ್ಟಿಗೆ. ಪೊಲೀಸರು ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ತೊಗಲಿನ ಒರೆ ಇರುತ್ತದಲ್ಲ, ಆ ಒರೆಗೆ ಮೈಕಟ್ಟು ಬರುವುದು ನನ್ನಿಂದ. ಹಸಿ ತೊಗಲನ್ನು ನನ್ನ ಮೇಲೆ ಬಿಗಿದು ಒಣಗಿಸುತ್ತಾರೆ. ನನ್ನೊಳಗೆ ಗುಂಡಿಲ್ಲ, ಸದ್ದಿಲ್ಲ. ಯಾರನ್ನೂ ಕಾಯಲಾರೆ, ಯಾರನ್ನೂ ಕೊಲ್ಲಲಾರೆ.

ಇದಕ್ಕೂ ಮುಂಚೆ ನಾನು ಒಂದು ಬಂಡಿಯ ಗಾಲಿಯ ನಡುವಿನ ದಿಮ್ಮಿಯಾಗಿದ್ದೆ. ಅಥಣಿ ಸೀಮೆಯ ಎರೆಮಣ್ಣಿನ ದಾರಿಗಳಲ್ಲಿ ಎಷ್ಟು ಸುತ್ತಿದ್ದೆನೋ ಆ ಶಿವನೇ ಬಲ್ಲ. ಗಾಲಿ ಒಡೆದ ಮೇಲೆ ಬಡಿಗೇರ ಮೌನೇಶಪ್ಪನ ಅಂಗಳದಲ್ಲಿ ಬಿಸಿಲು ಮಳೆ ಉಂಡು ಬಿದ್ದಿದ್ದೆ. ಒಂದು ದಿನ ತೊಗಲಿನ ಕೆಲಸದ ಸಿದರಾಯಪ್ಪ ಬಂದು, ರಾಶಿಯಲ್ಲಿದ್ದ ಸಾಗವಾನಿಯನ್ನೂ ಬೇವನ್ನೂ ಬೆರಳಿನಿಂದ ಬಡಿದು ನೋಡಿ, ಕೊನೆಗೆ ನನ್ನನ್ನು ಎತ್ತಿಕೊಂಡ.

"ಇದು ಕುಡಿಯೂದೆಲ್ಲಾ ಕುಡದು ಮುಗಿಸೇತಿ. ಇನ್ನ ನೀರ ಹಿಡಿಯೂದಿಲ್ಲ" ಅಂದ.

ಅವನ ಬೆನ್ನಿಗೆ ಠಾಣೆಯ ಮುಖ್ಯಸ್ಥ ಫೌಜದಾರರು ಬಂದರು. ಸರಕಾರದ ಪಿಸ್ತೂಲನ್ನು ಯಾರ ಅಂಗಡಿಯಲ್ಲೂ ಬಿಟ್ಟುಹೋಗುವಂತಿಲ್ಲ. ಒರೆ ಹೊಲಿಯುವವನಿಗೋ ಅದು ನಾಲ್ಕಾರು ದಿನ ಕೈಯಲ್ಲಿರಬೇಕು. ಆದ್ದರಿಂದಲೇ ಅಚ್ಚು ಬೇಕು. ಫೌಜದಾರರು ಮೂರು ದಿನ ಬಡಿಗೇರನ ಅಂಗಳದಲ್ಲಿ ತಾವೇ ಕುಳಿತರು, ಮುಂದೆ ಮಣೆಯ ಮೇಲೆ ಪಿಸ್ತೂಲು.

"ಸಾಹೇಬ್ರ, ಅದರ ಮೂತಿ ಗ್ವಾಡಿ ಕಡೆ ತಿರುಗಿಸ್ರಿ. ನನ್ನ ಉಳಿ ನಡಗಾಕ ಹತ್ತೈತಿ" ಅಂದ ಮೌನೇಶಪ್ಪ.

"ಗುಂಡ ತಗದೀನೋ ಮಾರಾಯಾ."

"ತಗದದ್ದು ನಿಮಗ ಗೊತ್ತು, ನನಗ ಗೊತ್ತು. ಅದಕ್ಕ ಗೊತ್ತೈತೇನು?"

ಸಿದರಾಯಪ್ಪ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಹೇಳಿ ಹೇಳಿ ಕೆತ್ತಿಸಿದ. "ಪಿಸ್ತೂಲ ಇದ್ದಂಗ ಮಾಡಬ್ಯಾಡ, ಮೌನೇಶಪ್ಪಾ. ಬೆರಳ ಹಾಕೋ ತೂತ ತುಂಬೇ ಇರಲಿ. ತೂತ ಇತ್ತಂದ್ರ ಹಸಿ ತೊಗಲ ಅದರಾಗ ಇಳಿತೈತಿ, ಒಣಗಿದ ಮ್ಯಾಲ ಪಿಸ್ತೂಲ ಹಿಡಕೊಂಡು ಬಿಡೂದಿಲ್ಲ. ಮೂತಿ ಮ್ಯಾಲ ಗುರಿ ನೋಡೂ ಹಲ್ಲ ಐತಲ್ಲ, ಅದು ಹೋಗಾಕ ಬರಾಕ ಒಂದು ಉಬ್ಬಿದ ಏಣ ಇಡು."

ಹೀಗೆ ಹುಟ್ಟಿದೆ ನಾನು. ಪಿಸ್ತೂಲು ತೆರೆದಿರುವ ಕಡೆ ನಾನು ಮುಚ್ಚಿದ್ದೆ. ಮಣೆಯ ಮೇಲೆ ಇಬ್ಬರನ್ನೂ ಜೋಡಿಸಿಟ್ಟಾಗ ಅಣ್ಣ ತಮ್ಮಂದಿರ ಹಾಗೆ ಕಂಡೆವಂತೆ. ಅಣ್ಣ ಅಂದೇ ಫೌಜದಾರರ ಸೊಂಟ ಸೇರಿ ಹೊರಟುಹೋದ. ಆಮೇಲೆ ಅವನು ಬಂದದ್ದು ಒರೆ ತೊಟ್ಟುಕೊಳ್ಳಲು, ನನ್ನನ್ನು ನೋಡಲು ಅಲ್ಲ.

ಸಿದರಾಯಪ್ಪನ ಕೆಲಸದ ರೀತಿ ಹೀಗಿತ್ತು. ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲನ್ನು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು ನನಗೆ ಹೊದಿಸುತ್ತಿದ್ದ. ಆಮೇಲೆ ಎಮ್ಮೆಕೋಡಿನ ನುಣುಪು ತುಂಡಿನಿಂದ ನನ್ನ ಏರು ತಗ್ಗುಗಳ ಮೇಲೆಲ್ಲ ಒತ್ತಿ ಒತ್ತಿ ತಿಕ್ಕುತ್ತಿದ್ದ. ಎರಡು ದಿನ ನೆರಳಿನಲ್ಲಿ ಒಣಗಬೇಕು. ಆ ಎರಡು ದಿನ ಆ ತೊಗಲಿನ ಮನೆ ನನ್ನದು. ಒಣಗುತ್ತ ಒಣಗುತ್ತ ತೊಗಲು ನನ್ನನ್ನು ಬಿಗಿಯಾಗಿ ಹಿಡಿಯುತ್ತಿತ್ತು, ತಾಯಿ ಮಡಿಲಲ್ಲಿ ಒತ್ತಿಕೊಂಡ ಹಾಗೆ. ಪೂರ್ತಿ ಒಣಗಿದ ದಿನವೇ ನನ್ನನ್ನು ಹೊರಗೆಳೆಯುತ್ತಿದ್ದ. ನನ್ನ ಮೈ ಅಳತೆಯ ಮನೆಗೆ ಬೇರೆಯವನು ಒಕ್ಕಲು ಬರುತ್ತಿದ್ದ. ಎಷ್ಟೋ ಮನೆಗಳಾದವು. ಒಂದರಲ್ಲೂ ಮೂರನೆಯ ದಿನವನ್ನು ನಾನು ಕಾಣಲಿಲ್ಲ.

ಕೊಡುವ ಮುಂಚೆ ಅವನದೊಂದು ಪರೀಕ್ಷೆ ಇತ್ತು. ಪಿಸ್ತೂಲನ್ನು ಒರೆಗೆ ಹಾಕಿಸಿ, ಮೇಲಿನ ಪಟ್ಟಿ ಬಿಚ್ಚಿಟ್ಟು, ತಲೆಕೆಳಗಾಗಿ ಹಿಡಿದು ಮೂರು ಸಲ ಜಾಡಿಸುತ್ತಿದ್ದ. ಬೀಳಬಾರದು. ಕೈ ಹಾಕಿ ಎಳೆದರೆ ಒಂದೇ ಎಳೆತಕ್ಕೆ ಬರಬೇಕು. "ಬೀಳಬಾರದು, ತಡೀಬಾರದು. ಎರಡರ ನಡಕ ಕೂದಲೆಳಿ ಜಾಗ ಐತಿ. ಆ ಜಾಗದಾಗ ನನ್ನ ರೊಟ್ಟಿ ಐತಿ" ಎನ್ನುತ್ತಿದ್ದ.

ಖಂಡೇನವಮಿಯ ದಿನ ಉಳಿದ ಸಾಮಾನುಗಳ ಜೊತೆ ನನಗೂ ಒಂದು ಎಳೆ ವಿಭೂತಿ ಹಚ್ಚುತ್ತಿದ್ದ. ಮರುದಿನ ಒಣ ಅರಿವೆಯಿಂದ ಒರೆಸಿ ತೆಗೆಯುತ್ತಿದ್ದ. ಯಾಕೆ ಒರೆಸುತ್ತೇನೆಂದು ಅವನು ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆದಿರಲಿಕ್ಕೂ ಇಲ್ಲ.

ಒಂದು ಬೇಸಿಗೆಯಲ್ಲಿ, ಮೂರು ದಿನದ ಜ್ವರದಲ್ಲಿ ಸಿದರಾಯಪ್ಪ ಹೋಗಿಬಿಟ್ಟ. ಅವನು ಹೋದಾಗ ನಾನೊಂದು ಅರೆ ಒಣಗಿದ ತೊಗಲಿನೊಳಗಿದ್ದೆ. ಹೊರಗೆ ಅಳುವುದು ಕೇಳಿಸುತ್ತಿತ್ತು. ಹದಿಮೂರು ದಿನ ಯಾರೂ ನನ್ನನ್ನು ತೆಗೆಯಲಿಲ್ಲ. ಒಂದು ಮನೆಯಲ್ಲಿ ನಾನು ಅಷ್ಟು ದಿನ ಇದ್ದದ್ದು ಅದೊಂದೇ ಸಲ. ಆದರೆ ಅದು ಸೂತಕದ ಮನೆಯಾಗಿತ್ತು.

ಹದಿನಾಲ್ಕನೆಯ ದಿನ ಅವನ ಹೆಂಡತಿ ಸತ್ಯವ್ವ ಬಂದು ಅವನ ಮಣೆಯ ಮೇಲೆ ಕುಳಿತಳು. ಅಂಚು ಹೊಲಿಯುವ ಕೆಲಸ ಅವಳು ಮೊದಲಿಂದಲೂ ಮಾಡುತ್ತಿದ್ದವಳೇ. ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ ಇಟ್ಟಿದ್ದ ಮೈದುನ ಲಗಮಣ್ಣ ಬಾಗಿಲಲ್ಲಿ ನಿಂತು ನೋಡಿದ.

"ವೈನಿ, ಪಿಸ್ತೂಲಿನ ಚೀಲಾ ಅಂದ್ರ ಬಳಿ ಇಡೂ ಸಂದೂಕಲ್ಲ."

"ಬಳಿ ಸಂದೂಕ ಬಿಗಿಯಾದ್ರೂ ಬಳಿ ಒಡಿತಾವ, ಸಡ್ಲಾದ್ರೂ ಒಡಿತಾವ. ಅದನ್ನೂ ಮಾಡಾಕ ಬರಬೇಕಲ್ಲ, ಲಗಮಣ್ಣಾ" ಎಂದಳು, ತಲೆ ಎತ್ತದೆ.

ಮೊದಲ ಒರೆ ಸರಿಯಾಗಿ ಬಂತು, ಎರಡನೆಯದೂ ಬಂತು. ಸುತ್ತಿನ ಠಾಣೆಗಳವರು ಮತ್ತೆ ಬರತೊಡಗಿದರು. ಆ ಮಣೆಯ ಮೇಲೆ ಕುಳಿತಿರಲು ಅವಳಿಗಿದ್ದ ಹಕ್ಕೆಲ್ಲ ಒರೆಯ ಬಿಗಿಯಲ್ಲೇ ಇತ್ತು. ಒರೆ ಕೆಟ್ಟರೆ ಲಗಮಣ್ಣನ ಮಾತು ನಿಜವಾಗುತ್ತಿತ್ತು.

ಆದರೆ ಸತ್ಯವ್ವ ಹೊಸದೊಂದು ಪದ್ಧತಿ ಶುರುಮಾಡಿದಳು. ಸೋಮವಾರ ಸೋಮವಾರ ಕೆಲಸದ ಮೂಲೆಯಲ್ಲಿ ದೀಪ ಹಚ್ಚುವಳು. ಪಣತಿಗೆ ಹೊಯ್ದು ಉಳಿದ ಕುಸುಬಿ ಎಣ್ಣೆಗೆ ಚಿಟಿಕೆ ಅರಿಶಿನ ಬೆರೆಸಿ, ಹೆಬ್ಬೆರಳಿನಿಂದ ನನ್ನ ತಲೆಯಿಂದ ಕಾಲಿನವರೆಗೆ ತಿಕ್ಕುವಳು. "ಅವರ ಕೈ ಆಡಿದ ಮೈ ಇದು. ಒಣಗಬಾರದು ನೋಡು" ಎಂದು ನನಗೇ ಹೇಳುವಳು.

ನಿಜ ಹೇಳಲೇ? ನನಗೆ ಅದು ಹಿತವಾಗಿತ್ತು. ಅಲ್ಲಿಯವರೆಗೆ ಕೆಲಸವಿಲ್ಲದೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಸೋಮವಾರ ಯಾವಾಗ ಬಂದೀತೆಂದು ಕಾಯುತ್ತಿದ್ದೆ. ಕುಸುಬಿ ಎಣ್ಣೆ ಹೇಗೆಂದರೆ, ಹಚ್ಚಿದಾಗ ನೀರಿನ ಹಾಗೆ, ಒಣಗಿದ ಮೇಲೆ ಅರಗಿನ ಹಾಗೆ. ಒಂದರ ಮೇಲೊಂದು ಪದರು ಕೂತಿತು. ಒಂದು ವಾರದ್ದು ಲೆಕ್ಕಕ್ಕಿಲ್ಲ. ಆದರೆ ಐದು ವರ್ಷದ ಸೋಮವಾರಗಳು! ನಾನು ದಪ್ಪವಾಗುತ್ತಿದ್ದೆ. ನನಗೆ ಗೊತ್ತಾಗುತ್ತಿತ್ತು. ಹೊದಿಸಿದ ತೊಗಲು ಹಿಂದಿಗಿಂತ ಹೆಚ್ಚು ಹಿಗ್ಗಿ ಒಣಗುತ್ತಿತ್ತು. ಬೇಡ ತಾಯೀ ಎನ್ನಲು ನನಗೆ ಬಾಯಿಲ್ಲ. ಇದ್ದಿದ್ದರೆ ಅನ್ನುತ್ತಿದ್ದೆನೋ ಇಲ್ಲವೋ, ಅದನ್ನೂ ಇವತ್ತು ಆಣೆಯಿಟ್ಟು ಹೇಳಲಾರೆ.

ಐದನೆಯ ವರ್ಷ ಠಾಣೆಗೆ ಹೊಸದಾಗಿ ಬಂದ ಫೌಜದಾರರು ಹೆಣ್ಣುಮಗಳು, ವಿದ್ಯಾ ಕೊಕಟನೂರ ಎಂದು ಹೆಸರು. ಸತ್ಯವ್ವ ಹೊಲಿದ ಒರೆ ಕಟ್ಟಿಕೊಂಡು ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಕೊಟ್ಟ ದಿನ ಮೂರು ಸಲ ಜಾಡಿಸಿದಾಗ ಹೊಸ ತೊಗಲು ಹೇಗೋ ಹಿಡಿದುಕೊಂಡಿತ್ತು. ಒಂದು ಮಧ್ಯಾಹ್ನ ಅದನ್ನು ಬಿಚ್ಚಿ ತಂದು ಮಣೆಯ ಮುಂದೆ ಇಟ್ಟರು.

"ಸಂತ್ಯಾಗ ಒಬ್ಬಾಕಿ ಮುದುಕಿಗೆ ಬುಟ್ಟಿ ಎತ್ತಿಕೊಡಾಕ ಬಗ್ಗಿದೆ. ಪಟ್ಟಿ ಬಿಚ್ಚಿತ್ತು. ಪಿಸ್ತೂಲ ಜಾರಿ ಬದನಿಕಾಯಿ ಗುಡ್ಡಿ ಮ್ಯಾಲ ಬಿತ್ತು. ಆ ಮುದುಕಿ ಏನಂತಾಳ ಗೊತ್ತೇನ್ರೀ? 'ಬಾಯಾರ, ಇದನ್ನೂ ತೂಗಲೇನು' ಅಂತಾಳ. ಸಂತಿ ಮಂದಿಯೆಲ್ಲಾ ನಕ್ಕರು."

ಸತ್ಯವ್ವ ಒರೆ ಎತ್ತಿಕೊಂಡು ಅದರ ಬಾಯಲ್ಲಿ ಬೆರಳಾಡಿಸಿದಳು.

"ನಗೂದು ಬಿಡ್ರಿ" ಎಂದರು ವಿದ್ಯಾ ಬಾಯಿ, ದನಿ ತಗ್ಗಿಸಿ. "ಗುಂಡ ತುಂಬಿದ ಪಿಸ್ತೂಲ ಅದು. ಬಾಜೂಕ ಕೂಸುಗಳು ಆಡತಿದ್ದವು. ಈ ಸುತ್ತಿನಾಗ ಆರು ಮಂದಿ ನಿಮ್ಮ ಚೀಲಾ ಕಟ್ಟತೀವಿ. ಬರೂ ಸೋಮವಾರ ತನಕ ನೋಡ್ತೀನಿ. ಸರಿ ಆಗಲಿಲ್ಲಂದ್ರ ಬೆಳಗಾಂವಿಂದ ನೈಲಾನಿನವು ತರಸೂದ, ಬ್ಯಾರೆ ಹಾದಿ ಇಲ್ಲ."

ಸತ್ಯವ್ವ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು, ತಪ್ಪು ಅವುಗಳಲ್ಲೇ ಇದೆಯೋ ಎಂಬಂತೆ. ಆಮೇಲೆ ಮೇಣ ತಿಕ್ಕಿದ ದಾರ ತೆಗೆದಳು. "ಬಾಯಾರ, ಗುಂಡ ತಗದು ಒಂದು ಚಣ ಮುಂದ ಇಡ್ರಿ."

ಗುಂಡು ತುಂಬುವ ಉರುಳೆಯ ಸುತ್ತ ದಾರ ಸುತ್ತಿ ಒಂದು ಗಂಟು ಹಾಕಿದಳು. ಮೂತಿಗೊಂದು, ಹಿಡಿಯ ಬುಡಕ್ಕೊಂದು. ಅದೇ ದಾರವನ್ನು ತಂದು ನನಗೆ ಸುತ್ತಿದಳು. ತುದಿ ಗಂಟಿಗೆ ಮುಟ್ಟಲಿಲ್ಲ. ಸಜ್ಜೆಕಾಳಿನಷ್ಟು ಕಡಿಮೆ ಬಿತ್ತು. ಇನ್ನೊಮ್ಮೆ ಸುತ್ತಿದಳು. ಉಗುರಿನಿಂದ ನನ್ನ ಬೆನ್ನು ಕೆರೆದಳು. ಕಂದು ಹಳದಿಯ ಪಕಳೆ ಉಗುರಿನ ಸಂದಿಗೆ ಬಂತು. ಮೂಸಿ ನೋಡಿದಳು.

"ಏನಾತ್ರೀ?"

"ಅಚ್ಚ ದಪ್ಪಾಗೈತ್ರಿ."

"ಕಟ್ಟಿಗಿ ದಪ್ಪಾಗತೈತೇನ್ರೀ?"

"ನಾನ ಉಣಿಸೀನ್ರಿ ಬಾಯಾರ" ಎಂದಳು ಸತ್ಯವ್ವ. "ವಾರಕ್ಕೊಮ್ಮಿ ಉಣಿಸೀನಿ."

ಅವರು ಹೋದ ಮೇಲೆ ಗಾಜಿನ ಚೂರು ತೆಗೆದುಕೊಂಡು ನನ್ನನ್ನು ಕೆರೆಯಲು ಕುಳಿತಳು. ಎಣ್ಣೆಯ ಪದರು ಎದ್ದಿತು, ಅದರ ಹಿಂದೆಯೇ ಜಾಲಿಯ ಪುಡಿಯೂ ಎದ್ದಿತು. ಒಂದು ಕಡೆ ತಗ್ಗು ಬಿತ್ತು. ಗಾಜು ನಿಂತುಬಿಟ್ಟಿತು. ತನ್ನ ಎಣ್ಣೆ ಎಲ್ಲಿಗೆ ಮುಗಿದು ಗಂಡ ಹೇಳಿ ಕೆತ್ತಿಸಿದ ಮೈ ಎಲ್ಲಿಂದ ಶುರುವಾಗುತ್ತದೆ ಎಂಬುದು ಅವಳಿಗೆ ತಿಳಿಯದಾಯಿತು. ನನಗೂ ತಿಳಿಯಲಿಲ್ಲ. ಕೊನೆಗೆ ಅವಳು ಗಾಜನ್ನು ಕೆಳಗಿಟ್ಟು ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಮರುದಿನ ತಾನೇ ಲಗಮಣ್ಣನ ಅಂಗಡಿಗೆ ಹೋಗಿ ಹೊಸ ಅಚ್ಚು ತಂದುಕೊಡಲು ಕೇಳಿದಳು. ಅವನು ಅಣಕಿಸದೆ ಇರಲಿಲ್ಲ, ಆದರೆ ಕೊಲ್ಹಾಪುರಕ್ಕೆ ಹೋಗಿಬಂದ. ಚೀಲದಿಂದ ಎರಡು ಅಚ್ಚು ಹೊರತೆಗೆದ. ಒಂದು ಕರಿ ಪ್ಲಾಸ್ಟಿಕ್ಕಿನದು, ನೋಡಿದರೆ ಎದೆ ಝಲ್ಲೆನ್ನುವಷ್ಟು ಪಿಸ್ತೂಲೇ.

"ಇದನ್ನ ತಗೋ ವೈನಿ. ಖರೇದಕ್ಕಿಂತ ಖರೇ ಕಾಣತೈತಿ."

ಸತ್ಯವ್ವ ಅದನ್ನು ಹೆಬ್ಬೆರಳಿನಿಂದ ಅಮುಕಿದಳು. ಒಳಕ್ಕೆ ಬಗ್ಗಿತು. "ಇದು ತೊಗಲಿಗೆ ಹೆದರತೈತಿ" ಎಂದು ಪಕ್ಕಕ್ಕಿಟ್ಟಳು.

ಇನ್ನೊಂದು ಅಲ್ಯೂಮಿನಿಯಂ ಎರಕದ್ದು. ಚೆಲುವಿಲ್ಲ, ಅಂಚಿನಲ್ಲಿ ಎರಕದ ಗೀರು. ದಾರ ಸುತ್ತಿದಳು. ಮೂರು ಗಂಟೂ ಮೂರು ಕಡೆ ಸರಿಯಾಗಿ ಕೂತವು.

"ಇದಕ್ಕ ಬಾಯಿ ಭಾಳ ಅದಾವ" ಎಂದು ಬೆರಳ ಸಂದಿಯನ್ನೂ ಉಳಿದ ತೂತುಗಳನ್ನೂ ಅರಗು ಕರಗಿಸಿ ತುಂಬಿದಳು. ಗೀರುಗಳನ್ನು ಅರದಿಂದ ತಿಕ್ಕಿದಳು. ಗುರಿಯ ಹಲ್ಲಿಗೆ ದಾರಿಯಾಗುವಂತೆ ಬೆನ್ನ ಮೇಲೆ ತೊಗಲಿನ ಸಣ್ಣ ಪಟ್ಟಿ ಅಂಟಿಸಿದಳು. ಬಾಗಿಲಲ್ಲಿ ನಿಂತಿದ್ದ ಲಗಮಣ್ಣ ಯಾವಾಗಲೋ ಒಳಗೆ ಬಂದು ಕುಳಿತಿದ್ದ. "ಅರಗ ಇನ್ನೊಂದೀಟ ಕಾಸಲೇನು?" ಎಂದು ಕೇಳಿದ.

ಶುಕ್ರವಾರ ಹಸಿ ತೊಗಲು ಅದರ ಮೈಯೇರಿತು. ನಾನು ಕಪಾಟಿನ ಮೇಲಿಂದ ನೋಡಿದೆ. ಕೋಡಿನ ತುಂಡು ತೊಗಲನ್ನು ತಿಕ್ಕುವ ಸದ್ದು ಹೊರಗಿನಿಂದ ಹೇಗಿರುತ್ತದೆ ಎಂದು ಅಂದೇ ಮೊದಲು ಕೇಳಿಸಿಕೊಂಡದ್ದು.

ಸೋಮವಾರ ವಿದ್ಯಾ ಬಾಯಿ ಬಂದರು. ಗುಂಡು ತೆಗೆದ ಪಿಸ್ತೂಲನ್ನು ಒರೆಗೆ ಇಳಿಸಿದರು. ಸತ್ಯವ್ವ ಪಟ್ಟಿ ಬಿಚ್ಚಿ, ತಲೆಕೆಳಗೆ ಹಿಡಿದು, ಕಣ್ಣು ಮುಚ್ಚಿ ಜಾಡಿಸಿದಳು. ಒಂದು, ಎರಡು, ಮೂರು. ಬೀಳಲಿಲ್ಲ.

"ಈಗ ಎಳೀರಿ, ಬಾಯಾರ."

ಒಂದೇ ಎಳೆತಕ್ಕೆ ಬಂತು.

"ಉಳಿದ ಐದು ಮಂದೀನೂ ಕಳಸ್ತೀನಿ. ಹಳೇವು ಎಲ್ಲಾ ಬಿಚ್ಚಿಸಿ ಇಸಕೋರಿ" ಎಂದು ಹೇಳಿ ವಿದ್ಯಾ ಬಾಯಿ ಎದ್ದರು. ಸತ್ಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ನನ್ನನ್ನು ಒಲೆಗೆ ಹಾಕುತ್ತಾಳೆ ಅಂದುಕೊಂಡಿದ್ದೆ. ಜಾಲಿ ಚೆನ್ನಾಗಿ ಉರಿಯುತ್ತದೆ. ಆದರೆ ಅವಳು ನನ್ನನ್ನು ತೊಳೆದು ಒರೆಸಿ, ಒಳಗೆ ದೇವರ ಜಗುಲಿಯ ಮೇಲೆ, ದುರ್ಗವ್ವನ ಮಗ್ಗುಲಿಗೆ ಇಟ್ಟಳು. ಈಗ ನಾನು ಇರುವುದು ಅಲ್ಲಿಯೇ. ನೆಂಟರು ಬಂದವರು ನನಗೂ ಕೈಮುಗಿಯುತ್ತಾರೆ. ಯಾರೂ ಎತ್ತಿಕೊಳ್ಳುವುದಿಲ್ಲ.

ಪಕ್ಕದ ದುರ್ಗವ್ವ ಒಂದು ಹಿಡಿಗಲ್ಲು. ಸಿದರಾಯಪ್ಪನ ಅಜ್ಜಿಯೋ ಅವಳ ಅಜ್ಜಿಯೋ ತಂದಿಟ್ಟದ್ದಂತೆ. ತಲೆಮಾರುಗಳ ಎಣ್ಣೆ, ಕುಂಕುಮ, ಭಂಡಾರ ಕೂತು ಕೂತು ಅವಳ ಮೂಗು ಯಾವುದು, ಕಣ್ಣು ಯಾವುದು, ಒಂದೂ ತಿಳಿಯುವುದಿಲ್ಲ. ಕೆರೆದು ನೋಡುವ ಧೈರ್ಯ ಯಾರಿಗಿದೆ? ನನಗೆ ಕೆಲವೊಮ್ಮೆ ಅನಿಸುತ್ತದೆ, ಇವಳೂ ಮೊದಲು ಎಲ್ಲೋ ಖಾರ ಅರೆಯುವ ಕಲ್ಲೋ, ತೊಗಲು ಬಡಿಯುವ ಕಲ್ಲೋ ಆಗಿದ್ದವಳಿರಬೇಕು. ಯಾರೋ ಬಹಳ ಪ್ರೀತಿಸಿ ಕೆಲಸದಿಂದ ಬಿಡಿಸಿರಬೇಕು. ನಾವಿಬ್ಬರೂ ಮಾತಾಡುವುದಿಲ್ಲ. ದೇವರಿಗೆ ಇಷ್ಟು ಒಂಟಿತನ ಇರುತ್ತದೆಂದು ಮಾತ್ರ ನಾನು ಮೊದಲು ತಿಳಿದಿರಲಿಲ್ಲ.

ಇವತ್ತು ಸೋಮವಾರ. ಹೊರಗಿನ ಕೋಣೆಯಲ್ಲಿ ಕೋಡಿನ ತುಂಡಿನ ಸದ್ದು ನಿಂತಿತು. ಸತ್ಯವ್ವ ಕೈ ತೊಳೆದು ಬಂದು ದೀಪ ಹಚ್ಚಿದಳು. ಅವಳ ಹೆಬ್ಬೆರಳು ಮೊದಲು ದುರ್ಗವ್ವನಿಗೆ ಎಣ್ಣೆ ಸವರಿತು, ಆಮೇಲೆ ನನಗೆ. ಒಣಗಿದ ಮೇಲೆ ನಾನು ಇನ್ನೊಂದು ಕೂದಲೆಳೆಯಷ್ಟು ದಪ್ಪವಾಗುತ್ತೇನೆ. ಈಗ ಅದರಿಂದ ಯಾರಿಗೂ ಏನೂ ತೊಂದರೆಯಿಲ್ಲ.